ದ್ವಾದಶಿಯ ಅತಿಥಿ

"ಗುರುಗಳೇ, ಈ ಶ್ಲೋಕಗಳಲ್ಲಿ ಯಾವುದನ್ನು ನಂಬಬೇಕು?" ಎಂದು ತ್ರಿವಿಕ್ರಮ ಕೇಳಿದ.

ಬೆಳಗಿನ ಪಾಠ ಮುಗಿದಿತ್ತು. ಉಳಿದ ಶಿಷ್ಯರು ಎದ್ದು ಹೋಗಿದ್ದರು. ಇವನೊಬ್ಬ ಎದ್ದಿರಲಿಲ್ಲ.

"ಒಂದು ಶ್ಲೋಕ ದ್ವಾದಶಿಗಿಂತ ದೊಡ್ಡ ತಿಥಿಯಿಲ್ಲ ಎನ್ನುತ್ತದೆ. ಇನ್ನೊಂದು ಅನ್ನ ನೀರು ಕೊಡುವುದಕ್ಕಿಂತ ದೊಡ್ಡ ದಾನವಿಲ್ಲ ಎನ್ನುತ್ತದೆ. ಮತ್ತೊಂದು ತಾಯಿಗಿಂತ ದೊಡ್ಡ ದೇವರಿಲ್ಲ ಎನ್ನುತ್ತದೆ. ಎಲ್ಲವೂ ಹಿರಿಯರು ಹೇಳಿದ್ದೇ. ಒಂದೇ ಹೊತ್ತಿಗೆ ಮೂರೂ ಎದುರಾದರೆ ಯಾವುದು ಮೊದಲು? ಒಂದನ್ನು ಹಿಡಿದರೆ ಉಳಿದೆರಡು ಸುಳ್ಳಾಗಬೇಕಲ್ಲ?"

ಹಿಂದಿನ ದಿನ ಇದೇ ಪ್ರಶ್ನೆಯಿಂದ ಅವನು ಸಹಪಾಠಿಗಳ ಬಾಯಿ ಮುಚ್ಚಿಸಿದ್ದ. ಗುರುಗಳಿಗೆ ಅದು ಗೊತ್ತಿತ್ತು. "ಪ್ರಶ್ನೆಯನ್ನು ಚೆನ್ನಾಗಿಯೇ ಮಸೆದಿದ್ದೀಯ. ಕೈ ಕುಯ್ದುಕೊಳ್ಳದಂತೆ ಕೂತು ಕೇಳು" ಎಂದು ಕತೆ ಹೇಳತೊಡಗಿದರು.

ಒಂದು ಹೊಳೆಯ ಈಚೆ ದಡದ ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಅವನೂ ಅವನ ತಾಯಿಯೂ ಏಕಾದಶಿ ಮಾಡುವವರು. ಆ ದಿನ ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ಮರುದಿನ ದ್ವಾದಶಿ ಕಳೆಯುವುದರೊಳಗೆ ಪಾರಣೆ ಮಾಡಿ ಉಪವಾಸ ಮುರಿಯಬೇಕು. ಆ ಹೊತ್ತು ತಪ್ಪಿದರೆ ವ್ರತ ಕೆಟ್ಟಂತೆ. ಅವರ ಮನೆಯಲ್ಲಿ ಒಂದು ಪದ್ಧತಿಯಿತ್ತು. ದ್ವಾದಶಿಯ ಬೆಳಗ್ಗೆ ಮಗ ಮೊದಲು ತಾಯಿಯ ಅಂಗೈಗೆ ತೀರ್ಥ ಹಾಕುತ್ತಿದ್ದ. ಅವಳು ಅದನ್ನು ಕುಡಿದು ಎಲೆಯ ಮುಂದೆ ಕೂತ ಮೇಲೆಯೇ ಇವನ ಬಾಯಿಗೆ ನೀರು. ತಾಯಿಯೂ ಅಷ್ಟೇ ಹಟದವಳು. ಮಗನ ಕೈಯಿಂದ ಬಿದ್ದ ನೀರಲ್ಲದೆ ಬೇರೆ ನೀರಿನಿಂದ ಉಪವಾಸ ಮುರಿದವಳಲ್ಲ.

ಒಮ್ಮೆ ತಾಯಿ ಮಗಳ ಬಾಣಂತನಕ್ಕೆಂದು ಆಚೆ ದಡದ ಊರಿಗೆ ಹೋದಳು. ಏಕಾದಶಿಯ ಸಂಜೆಗೆ ಬಂದುಬಿಡುತ್ತೇನೆ ಎಂದು ಮಾತು ಕೊಟ್ಟಿದ್ದಳು. ಅಷ್ಟರಲ್ಲಿ ಹೊಳೆ ಏರಿತು, ದೋಣಿ ನಿಂತಿತು. ವ್ಯಾಪಾರಿ ಕತ್ತಲಾಗುವವರೆಗೆ ದಡದಲ್ಲಿ ನಿಂತು ನೋಡಿ ಬರಿಗೈಯಲ್ಲಿ ಮರಳಿದ. ಆ ಸಲದ ದ್ವಾದಶಿಯೋ, ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೇ ಮುಗಿಯುವಂಥದ್ದು. ತಾಯಿಯಿಲ್ಲದೆ ಪಾರಣೆ ಹೇಗೆ ಎಂದು ಅವನು ಪುರೋಹಿತನನ್ನು ಕೇಳಿದ. ಪುರೋಹಿತನ ಬಳಿ ಶ್ಲೋಕಗಳಿಗೆ ಬರವೇ? ತಾಯಿಯ ಮಣೆಯ ಮೇಲೆ ಒಬ್ಬ ಅತಿಥಿಯನ್ನು ಕೂರಿಸಿ ಉಣಿಸಬೇಕು, ಅವನು ಕರೆಯದೆ ಬಂದವನಾಗಿರಬೇಕು, ಪಾರಣೆ ಆಗುವವರೆಗೆ ಯಜಮಾನ ಮೌನದಲ್ಲಿರಬೇಕು ಎಂದು ಅವನು ವಿಧಿ ಹೇಳಿದ. ಅದರಲ್ಲಿ ತಪ್ಪು ಹುಡುಕಲು ನನಗೂ ಆಗುವುದಿಲ್ಲ.

ಇನ್ನು ಆಚೆ ದಡಕ್ಕೆ ಬಾ. ಅಲ್ಲಿ ಒಬ್ಬ ಅಂಬಿಗನಿದ್ದ. ಬೆಳಕು ಹರಿಯುವ ಹೊತ್ತಿಗೆ ವ್ಯಾಪಾರಿಯ ತಂಗಿ, ಹಸಿ ಬಾಣಂತಿ, ಅವನ ಗುಡಿಸಿಲ ಮುಂದೆ ಬಂದು ನಿಂತಳು.

"ಅಮ್ಮನಿಗೆ ಜ್ವರ ಏರಿದೆ ಕಣಪ್ಪ. ನಿನ್ನೆಯಿಂದ ಒಂದು ಹನಿ ನೀರಿಲ್ಲ. ನಾ ಕೊಡೋಕೆ ಹೋದ್ರೆ ತುಟಿ ಬಿಗಿ ಹಿಡೀತಾಳೆ, ಮಗ ಬರ್ಲಿ ಅಂತಾಳೆ. ಹೇಗಾದ್ರೂ ಅಣ್ಣನ್ನ ಕರ್ಕೊಂಡು ಬಾ. ತಡ ಆದ್ರೆ ಅವಳು ಉಳಿಯಲ್ಲ."

ಅಂಬಿಗ ಹೊಳೆಯ ಕಡೆ ನೋಡಿದ. ಕೆಂಪು ನೀರು, ನಡುವೆ ಬೇರು ಸಮೇತ ತೇಲಿ ಬರುವ ಮರಗಳು. ಅಂಥ ಹೊಳೆಗೆ ದೋಣಿ ಇಳಿಸುವವನು ತಲೆ ಕೆಟ್ಟವನಾಗಿರಬೇಕು. ಆದರೆ ಆ ಮುದುಕಿ ಅವನ ದೋಣಿಯಲ್ಲಿ ಎಷ್ಟೋ ಸಲ ಕೂತವಳು. ಕೂತಾಗಲೆಲ್ಲ ಸೆರಗಿನ ಗಂಟು ಬಿಚ್ಚಿ ಅವನ ಕೈಗೆ ಒಂದು ಚೂರು ಬೆಲ್ಲ ಹಾಕದೆ ಇಳಿದವಳಲ್ಲ. ಅವನು ದೇವರ ಹೆಸರು ಹೇಳಿ ಹಗ್ಗ ಬಿಚ್ಚಿದ. ಹೇಗೆ ದಾಟಿದನೋ ಅವನಿಗೇ ತಿಳಿಯದು. ಈಚೆ ದಡ ಮುಟ್ಟಿದವನು ಉಸಿರು ಬಿಗಿಹಿಡಿದು ವ್ಯಾಪಾರಿಯ ಮನೆಯ ಕಡೆ ಓಡಿದ.

ಅಲ್ಲಿ ವ್ಯಾಪಾರಿ ಬಾಗಿಲಲ್ಲೇ ನಿಂತಿದ್ದ. ಎಲೆ ಹಾಕಿತ್ತು, ಅಡಿಗೆ ಆಗಿತ್ತು, ಅತಿಥಿಯ ಸುಳಿವಿರಲಿಲ್ಲ. ಒಳಗೆ ಕೊಳಗದ ನೀರಿನಲ್ಲಿ ಗಳಿಗೆ ಬಟ್ಟಲು ತೇಲುತ್ತಿತ್ತು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು ಅದು. ಅದು ತುಂಬಿ ಮುಳುಗಿದಾಗ ದ್ವಾದಶಿ ಮುಗಿದಂತೆ ಎಂದು ಪುರೋಹಿತ ಹೇಳಿದ್ದ. ಅಷ್ಟು ಹೊತ್ತಿಗೆ ಬೀದಿಯ ಕೊನೆಯಲ್ಲಿ ಓಡಿ ಬರುತ್ತಿರುವ ಮನುಷ್ಯ ಕಂಡ. ವ್ಯಾಪಾರಿಗೆ ಹೋದ ಜೀವ ಬಂದಂತಾಯಿತು. ಅವನು ಎದುರು ಹೋಗಿ ಅಂಬಿಗನ ಎರಡೂ ಕೈ ಹಿಡಿದುಕೊಂಡ. ಒಳಗೆ ಕರೆತಂದು, ಬಗ್ಗಿ, ಕೆಸರು ಮೆತ್ತಿದ ಅವನ ಕಾಲುಗಳನ್ನು ತಾನೇ ತೊಳೆದ. ಅತಿಥಿಯ ಜಾತಿ ಕೇಳಬಾರದು ಎಂದು ತಿಳಿದವನು ಅವನು. ಅವನ ಭಕ್ತಿಯಲ್ಲಿ ಕಪಟವಿರಲಿಲ್ಲ.

ಅಂಬಿಗ ಕಾಲು ಹಿಂದಕ್ಕೆ ಎಳೆದುಕೊಳ್ಳಲು ನೋಡಿದ. ಊರಿನ ಸಾಹುಕಾರ ತನ್ನ ಕಾಲು ಹಿಡಿದಿದ್ದಾನೆ. ಏದುಸಿರಿನ ನಡುವೆ ಹೇಗೋ "ಧಣಿ, ಒಂದ್ ಮಾತು" ಎಂದ. ಅಷ್ಟರಲ್ಲಿ ಪುರೋಹಿತ ಅವನನ್ನು ಮಣೆಯ ಮೇಲೆ ಒತ್ತಿ ಕೂರಿಸಿದ.

"ತುಟಿ ಬಿಚ್ಚಬೇಡ! ಧಣಿಗಳು ವ್ರತದಲ್ಲಿದ್ದಾರೆ. ಇವರ ತಾಯಿಯ ಈ ಮಣೆಯ ಮೇಲೆ ಕೂತವನು ಉಂಡು ಏಳುವವರೆಗೆ ಒಂದು ಕೆಟ್ಟ ಮಾತು ಬಿದ್ದರೂ ಈ ವ್ರತ ಮುರಿಯುತ್ತದೆ. ಇದು ಇವರೊಬ್ಬರದಲ್ಲ, ಇವರ ತಾಯಿಯದೂ ಹೌದು. ಆ ಮುದುಕಿಯ ಜೀವಕ್ಕೇ ಎರವಾದೀತು, ಎಚ್ಚರ!"

ಅಂಬಿಗನ ನಾಲಗೆ ಅಲ್ಲೇ ನಿಂತಿತು. ಅವನು ತಂದದ್ದು ಕೆಟ್ಟ ಮಾತೇ. ಆಡಿದರೆ ಆ ತಾಯಿ ಸಾಯುತ್ತಾಳೆ ಎಂದು ಶಾಸ್ತ್ರ ಬಲ್ಲವನು ಹೇಳುತ್ತಿದ್ದಾನೆ. ಆಡದಿದ್ದರೆ ಸಾಯುತ್ತಾಳೆ ಎಂದು ಮಗಳು ಹೇಳಿ ಕಳಿಸಿದ್ದಾಳೆ. ದೋಣಿ ನಡೆಸುವವನು ಏನು ಮಾಡಿಯಾನು? ಬೇಗ ಉಂಡುಬಿಡೋಣ, ಉಂಡು ಎದ್ದ ಕೂಡಲೇ ಹೇಳಿಬಿಡೋಣ ಎಂದುಕೊಂಡ. ಪಾಪ, ಅದಕ್ಕಿಂತ ಬೇರೆ ದಾರಿ ಅವನಿಗೆ ಹೊಳೆಯಲಿಲ್ಲ.

ಆದರೆ ಬೇಗ ಉಣ್ಣಲು ಪುರೋಹಿತ ಬಿಡಬೇಕಲ್ಲ! ಅಗಸೆ ಸೊಪ್ಪಿನ ಪಲ್ಯ ಬಡಿಸಿದಾಗ ದ್ವಾದಶಿಯ ಮಹಿಮೆಯ ಶ್ಲೋಕ. ಅನ್ನ ಬಡಿಸಿದಾಗ ಅನ್ನದಾನದ ಶ್ಲೋಕ. ಶ್ಲೋಕ ಮುಗಿಯದೆ ತುತ್ತು ಎತ್ತುವಂತಿಲ್ಲ. ಅಂಬಿಗ ಕೈ ತಡೆದು ಕೂತ. ಅವನ ಕಣ್ಣು ಬಟ್ಟಲಿನ ಮೇಲಿತ್ತು. ಬಟ್ಟಲು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಬಟ್ಟಲು ಮುಳುಗಿದರೆ ವ್ರತ ಹೋಯಿತು ಎಂದು ಅವರಿಗೆ ಭಯ. ಮುಳುಗುವಷ್ಟರಲ್ಲಿ ಜೀವ ಹೋದೀತು ಎಂದು ಇವನಿಗೆ.

ಕೊನೆಗೆ ತಡೆಯಲಾರದೆ ಸನ್ನೆ ಮಾಡಿದ. ಎಡಗೈಯನ್ನು ಹೊಳೆಯ ಕಡೆ ಚಾಚಿ ತೋರಿಸಿದ. ಆಮೇಲೆ ಬೊಗಸೆಯಂತೆ ಮಡಚಿ ಬಾಯಿಯ ಬಳಿ ತಂದ. ಆಚೆ ದಡದಲ್ಲಿ ಒಂದು ಜೀವ ನೀರಿಗಾಗಿ ಕಾದಿದೆ ಎಂದು ಹೇಳಲು ಅವನಿಗೆ ತಿಳಿದ ಭಾಷೆ ಅದೊಂದೇ.

ವ್ಯಾಪಾರಿ ನೋಡಿದ. ಅವನ ಮುಖ ಅರಳಿತು. ಅತಿಥಿ ಬಾಯಾರಿದ್ದಾನೆ, ನಾನು ಗಮನಿಸಲಿಲ್ಲವಲ್ಲ ಎಂದುಕೊಂಡು ತಾನೇ ಎದ್ದು, ಬೆಳ್ಳಿಯ ತಂಬಿಗೆಯಿಂದ ಎರಡೂ ಕೈಯಲ್ಲಿ ನೀರು ಬಗ್ಗಿಸಿದ. ಲೋಟ ತುಂಬಿತು. ಅಂಬಿಗ ಆ ಲೋಟ ನೋಡಿ ಅತ್ತುಬಿಟ್ಟ. ಅದನ್ನು ತೃಪ್ತಿಯ ಕಣ್ಣೀರೆಂದು ತಿಳಿದ ವ್ಯಾಪಾರಿಯ ಕಣ್ಣಲ್ಲೂ ನೀರು ಬಂತು. ಪುರೋಹಿತ ಜಲದಾನದ ಶ್ಲೋಕವನ್ನು ಎತ್ತರದ ದನಿಯಲ್ಲಿ ಹೇಳಿದ.

ಅಂಬಿಗ ಆ ನೀರು ಕುಡಿದ. ಎಲೆಯಲ್ಲಿದ್ದುದನ್ನು ನುಂಗಿದ. ಅವನು ಮಣೆ ಬಿಟ್ಟು ಎದ್ದ. ವ್ಯಾಪಾರಿ ತೀರ್ಥ ತೆಗೆದುಕೊಂಡ. ಬಟ್ಟಲು ಗುಳಕ್ಕೆಂದು ಮುಳುಗಿತು.

"ವ್ರತ ಗೆದ್ದಿತು!" ಎಂದು ಪುರೋಹಿತ ಕೈಯೆತ್ತಿದ.

ವ್ಯಾಪಾರಿ ಮೌನ ಮುರಿದು ನಗುತ್ತ ಕೇಳಿದ: "ಏನಪ್ಪಾ, ಬಂದಾಗ ಏನೋ ಹೇಳೋಕೆ ಹೊರಟಿದ್ದೆಯಲ್ಲ?"

ಅಂಬಿಗ ಹೇಳಿದ.

ಆಮೇಲೆ ಆ ಮನೆಯಲ್ಲಿ ಯಾರೂ ಶ್ಲೋಕ ಹೇಳಲಿಲ್ಲ. ವ್ಯಾಪಾರಿ ಉಟ್ಟ ಮಡಿಯಲ್ಲೇ, ತೀರ್ಥದ ಗಿಂಡಿಯನ್ನು ಎದೆಗವಚಿಕೊಂಡು ಹೊಳೆಗೆ ಓಡಿದ. ಹೊಳೆ ಇನ್ನೂ ಏರಿತ್ತು. ದೋಣಿ ಮುಂದೆ ಹೋಗುವುದಕ್ಕಿಂತ ಪಕ್ಕಕ್ಕೆ ಹೋಗುವುದೇ ಹೆಚ್ಚಾಯಿತು. ಒಂದು ಮರ ದೋಣಿಯ ಮಗ್ಗುಲಿಗೆ ಬಡಿದಾಗ ವ್ಯಾಪಾರಿ ದೋಣಿಯ ಅಂಚು ಹಿಡಿಯಲಿಲ್ಲ, ಗಿಂಡಿಯ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಡಿದ. "ಬೇಗ, ಬೇಗ" ಎನ್ನುತ್ತಿದ್ದವನು ನಡುಹೊಳೆಗೆ ಬಂದ ಮೇಲೆ ಅದನ್ನೂ ಬಿಟ್ಟ. ಅಂಬಿಗ ತೋಳು ಕಳಚಿ ಬೀಳುವಂತೆ ಹುಟ್ಟು ಹಾಕಿದ. ತಾನು ಕೂತದ್ದು ಯಾರ ಮಣೆ, ಕುಡಿದದ್ದು ಯಾರ ನೀರು ಎಂದು ಅವನಿಗೆ ಚೆನ್ನಾಗಿ ತಿಳಿದಿತ್ತು. ಒಂದು ಮಾತು, ಒಂದೇ ಒಂದು ಮಾತು ಆಡಲು ತನಗೆ ಧೈರ್ಯ ಬರಲಿಲ್ಲವಲ್ಲ ಎಂದು ಅವನು ತನ್ನನ್ನು ತಾನೇ ಶಪಿಸಿಕೊಂಡ.

ಮನೆಯ ಬಾಗಿಲಲ್ಲಿ ತಂಗಿ ಕೂತಿದ್ದಳು. ಅವಳು ಅಣ್ಣನನ್ನು ಬೈಯಲಿಲ್ಲ. "ಇಷ್ಟು ಹೊತ್ತೂ ಕೇಳ್ತಾನೇ ಇದ್ಲು, ಬಂದ್ನಾ ಬಂದ್ನಾ ಅಂತ. ಈಗ ಸ್ವಲ್ಪ ಹೊತ್ತಾಯ್ತು, ಕೇಳ್ತಿಲ್ಲ" ಎಂದಳು.

ವ್ಯಾಪಾರಿ ಒಳಗೆ ಹೋಗಿ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಗಿಂಡಿ ಬಗ್ಗಿಸಿ ಬಾಯಿಗೆ ನೀರು ಬಿಟ್ಟ. ನೀರು ಒಳಗಿಳಿಯಲಿಲ್ಲ. ತುಟಿಯ ಅಂಚಿನಿಂದ ಹರಿದು ಅವನ ಮಡಿಲಿಗೆ ಬಿತ್ತು. ಅವನು ಗಿಂಡಿ ಬರಿದಾಗುವವರೆಗೂ ಬಗ್ಗಿಸುತ್ತಲೇ ಇದ್ದ. ಅಂಬಿಗ ಹೊರಗೆ ಗೋಡೆಗೆ ಹಣೆ ಒತ್ತಿ ನಿಂತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಕೇಳಲು ಬಂದದ್ದನ್ನು ಬಿಡಲು ತ್ರಿವಿಕ್ರಮನಿಗೆ ಮನಸ್ಸಾಗಲಿಲ್ಲ. "ಹಾಗಾದರೆ ತಾಯಿಯೇ ದೊಡ್ಡದು ಎಂದಾಯಿತು. ದ್ವಾದಶಿಯ ಶ್ಲೋಕ, ಅನ್ನ ನೀರಿನ ಶ್ಲೋಕ, ಎರಡೂ ಸುಳ್ಳೆಂದೇ ತಿಳಿಯಬೇಕೆ ಗುರುಗಳೇ?" ಎಂದ.

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು:

"ಯಾವುದೂ ಸುಳ್ಳಲ್ಲ ಮಗು, ಆ ಬೆಳಗ್ಗೆ ಮೂರೂ ಸೇರಿ ಒಂದೇ ಗುಟುಕು ನೀರಾಗಿ ಆಚೆ ದಡದಲ್ಲಿ ಅವನಿಗಾಗಿ ಕಾದಿದ್ದವು."