ಮೇಲೇರಿದ ಹೂ

ಶಿವರಾತ್ರಿ ಕಳೆದು ಚಳಿ ಸಡಿಲವಾದರೆ ಹೊಳೆಯಂಚಿನ ಜೌಗಿನಲ್ಲಿ ಒಂದು ಬಿಳಿ ಹೂ ಅರಳುತ್ತದೆ. ಮೊಣಕಾಲೆತ್ತರದ ದಂಟು, ತುದಿಯಲ್ಲಿ ಒಂದೇ ಹೂ. ಆ ಕಡೆಯವರು ಯಾರೂ ಅದಕ್ಕೆ ಹೆಸರಿಟ್ಟಿಲ್ಲ.

ಅದರ ಫೋಟೋ ತೆಗೆಯುವ ವಿದ್ಯೆ ಕಲಿಸುತ್ತಿದ್ದವರು ಬೋರಲಿಂಗಯ್ಯ. ದಂಡೆಯ ಮೇಲೊಂದು ಗುಡಿಸಲು, ಒಂದು ಪೆಟ್ಟಿಗೆ, ಒಂದು ಹಗ್ಗ. ಇಷ್ಟೇ ಅವರ ಆಶ್ರಮ.

ಅವರದೊಂದು ಪದ್ಧತಿ. ಜೌಗಿಗಿಳಿಯುವ ಶಿಷ್ಯ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಬೇಕು. ಒಂದು ಚಿತ್ರ ತೆಗೆದ ಕೂಡಲೇ "ಆಯ್ತು" ಅನ್ನಬೇಕು. ದಂಡೆಯಿಂದ ಗುರು ಹಗ್ಗ ಜಗ್ಗಿದಾಗ ಎರಡೂ ಕಾಲು ಕಿತ್ತು ಬೇರೆ ಕಡೆ ಇಡಬೇಕು.

ಶಿಷ್ಯ ಚಂದ್ರಹಾಸನಿಗೆ ಇದೊಂದು ಕಿರಿಕಿರಿ.

"ಅಷ್ಟು ಹತ್ತಿರದಿಂದ ತೆಗೆಯೋವಾಗ ಕೂದಲೆಳೆಯಷ್ಟು ಅಲುಗಿದ್ರೂ ಎಲ್ಲಾ ಮಸುಕು ಗುರುಗಳೇ. ಹಗ್ಗ ಯಾಕೆ ಬೇಕು?"

"ನಾನು ಜಗ್ಗೋಕೆ," ಅಂದರು ಗುರುಗಳು.

ಇಂಥ ಉತ್ತರ ಕೇಳಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಮರುದಿನ ಬೆಳಗಿನ ಮಂಜಿನಲ್ಲಿ ಇಳಿದ ಚಂದ್ರಹಾಸ ಹಗ್ಗ ಬಿಚ್ಚಿ ಜೊಂಡಿನ ಬುಡಕ್ಕೆ ಕಟ್ಟಿಬಿಟ್ಟ. "ಆಯ್ತು" ಅನ್ನುವುದನ್ನು ಮಾತ್ರ ಬಿಡಲಿಲ್ಲ.

ಮೊದಲ ಚಿತ್ರದಲ್ಲಿ ಹೂವಿನ ಹಿಂದೆ ಬರೀ ಕೆಸರುನೀರು. ಐದನೆಯದರಲ್ಲಿ ಜೊಂಡು. ಒಂಬತ್ತನೆಯದರಲ್ಲಿ ಆಕಾಶ.

ಹೂವೇ ಎದ್ದು ತನ್ನ ಕಡೆ ಬರುತ್ತಿದೆ! ಅವನಿಗೆ ಮೈ ಜುಮ್ಮೆಂದಿತು. ಗುರುವಿಗೂ ಸಿಗದ್ದು ತನಗೆ ಸಿಕ್ಕಿತಲ್ಲ ಎಂದು ಹೆಮ್ಮೆಯೂ ಆಯಿತು. ಕಾಲು ಮರಗಟ್ಟಿದ್ದು ಅವನ ಗಮನಕ್ಕೇ ಬರಲಿಲ್ಲ. ಸುತ್ತ ಕಪ್ಪೆಗಳೂ ಸುಮ್ಮನಾಗಿದ್ದವು.

ಹನ್ನೊಂದನೆಯ "ಆಯ್ತು" ಕೇಳಿ ಬೋರಲಿಂಗಯ್ಯನವರು ಹಗ್ಗ ಜಗ್ಗಿದಾಗ, ಅಷ್ಟೂ ಸಲದ ಜಗ್ಗಾಟಕ್ಕೆ ಸಡಿಲವಾಗಿದ್ದ ಜೊಂಡು ಬೇರುಸಮೇತ ಕಿತ್ತು ಬಂತು. ಅದರ ಹಿಂದೆಯೇ ಮಂಜಿನೊಳಗಿಂದ ಇನ್ನೊಂದು "ಆಯ್ತು" ಕೇಳಿಸಿತು. ದನಿ ನೀರಿಗೆ ತೀರ ಹತ್ತಿರವಿತ್ತು.

ಅವರು ಹಲಗೆ ಹಾಸಿಕೊಂಡು ಹೋದರು. ಎದೆಮಟ್ಟ ಕೆಸರಿನಲ್ಲಿ ಹೂತು ಇನ್ನೂ ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ್ದ ಶಿಷ್ಯನ ಕಂಕುಳಿಗೆ ಹಗ್ಗ ಹಾಕಿ ಎಳೆದು ತಂದರು. ಬೈಯಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ಭಯವಾಯಿತು.

"ಹೂ ಮೇಲೇಳ್ತಾ ಇತ್ತು ಗುರುಗಳೇ," ಅಂದ ನಡುಗುತ್ತ.

"ಹೂ ಇದ್ದಲ್ಲೇ ಇತ್ತು. ನೀನು ಇಳೀತಾ ಇದ್ದೆ."

ಗುರುಗಳು ಪೆಟ್ಟಿಗೆ ತೆರೆದು ಹಳೆಯ ಫೋಟೋಗಳ ಕಟ್ಟೊಂದನ್ನು ಅವನ ಮುಂದಿಟ್ಟರು. ಅದೇ ಬಿಳಿ ಹೂ. ಒಂದೊಂದು ಚಿತ್ರಕ್ಕೂ ಇಷ್ಟಿಷ್ಟೇ ಮೇಲೇರಿದೆ. ಇಪ್ಪತ್ತನೆಯದರಲ್ಲಿ ಹೂವಿನ ಬೆನ್ನು ಕಾಣುತ್ತದೆ, ಎಸಳಿನೊಳಗಿಂದ ಬೆಳಕು ಇಳಿದಿದೆ. ಕೊನೆಯದರಲ್ಲಿ ಅರ್ಧ ಚಿತ್ರದವರೆಗೆ ನೀರು.

ಚಂದ್ರಹಾಸನ ನಡುಕ ನಿಂತೇ ಹೋಯಿತು.

"ಅಬ್ಬಾ! ಯಾರು ತೆಗೆದದ್ದು?"

"ನಾಗಭೂಷಣ. ನನ್ನ ಮೊದಲನೇ ಶಿಷ್ಯ. ಆಗ ಹಗ್ಗದ ಪದ್ಧತಿ ಇರಲಿಲ್ಲ. ಕ್ಯಾಮೆರಾ ಜೊಂಡಿನ ಮೇಲೆ ಸಿಕ್ತು. ಕೈ ಎತ್ತಿ ಇಟ್ಟಿದ್ನೋ ಏನೋ. ಅವನು ಸಿಗಲಿಲ್ಲ."

ಚಂದ್ರಹಾಸ ಬಹಳ ಹೊತ್ತು ಆ ಕೊನೆಯ ಚಿತ್ರವನ್ನೇ ನೋಡಿದ. ಕೆಳಗಿಡಲು ಮನಸ್ಸೇ ಬರಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದ:

"ಅವರು ಮಾಡಿದ ತಪ್ಪಾದ್ರೂ ಏನು ಗುರುಗಳೇ?"

ಗುರುಗಳು ಅವನ ಕೈಯಿಂದ ಆ ಚಿತ್ರ ಬಿಡಿಸಿಕೊಂಡರು.

"ತಪ್ಪೆಲ್ಲಿದೆ? ಒಂದೂ ಮಸುಕಾಗಿಲ್ಲ ನೋಡು."