ಟಿಬಿ ವಾರ್ಡಿನ ಸೇವೆ

ಟಿಬಿ ವಾರ್ಡಿನ ಆಯಾ ತಾಯಮ್ಮ ಬೆಳಗಿನಿಂದ ನೆಲ ಒರೆಸಿ ಒರೆಸಿ, ಸೊಂಟ ಹಿಡಿದುಕೊಂಡು ಕೂತಿದ್ದಳು. ಆಸ್ಪತ್ರೆಗೆ ಆಳು ಒದಗಿಸುವ ಕಂಟ್ರಾಕ್ಟರ್ ಮರಿದೇವಪ್ಪ ಗತ್ತಿನಿಂದ ಬಂದ.

“ಮಗಳನ್ನ ಫಾರಿನ್ ಮೆಡಿಕಲ್ ಕಾಲೇಜಿಗೆ ಹಾಕ್ತಿದ್ದೀನಿ. ರೋಗಿಗಳ ಸೇವೆ ಮಾಡಿದವರಿಗೆ ಅಲ್ಲಿ ಮೊದಲ ಮಣೆ. ಸಾಕ್ಷಿಗೆ ನಿನ್ನ ನಂಬರ್ ಕೊಟ್ಟಿದ್ದೀನಿ, ಕಾಲೇಜಿನವರು ನಿಂಗೆ ಫೋನ್ ಮಾಡ್ತಾರೆ. ಇಲ್ಲೇ ಮೂರು ತಿಂಗಳು ಸೇವೆ ಮಾಡಿದ್ಲು ಅನ್ನು. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ.”

ಜಗಳವಾಡಲು ತಾಯಮ್ಮನಿಗೆ ತ್ರಾಣವಿರಲಿಲ್ಲ.

“ಆಗಲಿ ಬುದ್ಧಿ. ಟಿಬಿಯೋರ ಪಕ್ಕದಲ್ಲೇ ಇದ್ಲು, ಅವರ ಕಫ ಬಳಿದ್ಲು ಅಂತೀನಿ. ಈಗ ಅವಳಿಗೂ ಕೆಮ್ಮು ಇದೆಯಾ ಅಂತ ಕೇಳಿದ್ರೆ ಏನನ್ನಲಿ?”

ಮರಿದೇವಪ್ಪ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹಿಂದೆ ಸರಿದ.

“ಏಯ್! ನನ್ನ ಮಗಳು ಈ ಕಡೆ ತಲೆ ಹಾಕಿಯೂ ಮಲಗಿಲ್ಲ!” ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದ.

“ಹಂಗೇ ಹೇಳ್ತೀನಿ ಬುದ್ಧಿ” ಎಂದು ತಾಯಮ್ಮ ಬಕೆಟ್ ಎತ್ತಿಕೊಂಡಳು.