ಅರ್ಧ ನೀವಿದ ಮೈ

ಸಮುದ್ರದ ದಡದಲ್ಲಿ ಒಂದೂರು ಇತ್ತಂತೆ. ಹೆಸರು ಕೇಳಬೇಡಿ, ಹೇಳಿದರೆ ಆ ಊರವರು ಜಗಳಕ್ಕೆ ಬರ್ತಾರೆ. ನಮ್ಮಜ್ಜಿ ಹೇಳಿದ್ದನ್ನ ನಾನು ಹೇಳ್ತೇನೆ. ಸುಳ್ಳು ಅನ್ನಿಸಿದರೆ ಅವಳನ್ನೇ ಕೇಳಿಕೊಳ್ಳಿ. ಅವಳು ಹೋಗಿ ಮೂವತ್ತು ವರ್ಷ ಆಯಿತು.

ಆ ಊರಲ್ಲಿ ದುಗ್ಗಜ್ಜಿ ಅಂತ ಒಬ್ಬಳಿದ್ದಳಂತೆ. ಎರಡೂ ಕಣ್ಣು ಕಾಣದು. ಮೈ ನೀವುವುದು ಅವಳ ಕೆಲಸ. ಕಾಲು ಉಳುಕಿದರೆ ದುಗ್ಗಜ್ಜಿ, ಕುತ್ತಿಗೆ ಹಿಡಿದರೆ ದುಗ್ಗಜ್ಜಿ, ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕುವುದಕ್ಕೂ ದುಗ್ಗಜ್ಜಿಯೇ ಬರಬೇಕು. ಅವಳ ವಿದ್ಯೆ ನಮ್ಮ ಕಡೆಯದಲ್ಲ. ಅವಳ ಅಜ್ಜಿಯ ಅಜ್ಜಿಯ ಕಾಲದಲ್ಲಿ ಚೀನಾ ದೇಶದ ಹಡಗೊಂದು ಒಡೆದು, ಕುರುಡು ಮುದುಕನೊಬ್ಬ ದಡಕ್ಕೆ ಬಂದು ಬಿದ್ದಿದ್ದನಂತೆ. ಗಂಜಿ ಹಾಕಿದ ಮನೆಯವರಿಗೆ ಅವನು ಕಲಿಸಿಕೊಟ್ಟದ್ದು. ಮೈಯೊಳಗೆ ಉಸಿರು ಓಡಾಡುವ ದಾರಿಗಳಿವೆ, ದಾರಿಯುದ್ದಕ್ಕೂ ಬಾಗಿಲುಗಳಿವೆ. ಬಾಗಿಲು ಮುಚ್ಚಿದಲ್ಲಿ ನೋವು. ಹೆಬ್ಬೆರಳಲ್ಲಿ ಒತ್ತಿ ಒತ್ತಿ ಅದನ್ನ ತೆಗೀಬೇಕು.

ಅವನು ಒಂದು ಕಟ್ಟಳೆಯನ್ನೂ ಹೇಳಿದ್ದನಂತೆ. ಬಲಗಡೆ ನೀವಿದರೆ ಎಡಗಡೆಯನ್ನೂ ನೀವಲೇಬೇಕು. ಅರ್ಧ ನೀವಿ ಬಿಟ್ಟ ಮೈ ಕಟ್ಟಿಹಾಕಿದ ಹಾಗೆ, ಇದ್ದಲ್ಲಿಂದ ಏಳಲಿಕ್ಕಾಗೋದಿಲ್ಲ. ಅದಕ್ಕೇ ದುಗ್ಗಜ್ಜಿ ಶುರು ಮಾಡಿದಳೆಂದರೆ, ಮನೆಗೆ ಬೆಂಕಿ ಬಿದ್ದರೂ ನಡುವೆ ಎದ್ದವಳಲ್ಲ.

ಅದೇ ಊರಲ್ಲಿ ಹಮ್ಮಣ್ಣ ಅಂತ ಬಲೆ ಬೀಸಿ ಬದುಕುವವನೊಬ್ಬ. ಅವನ ಹೆಂಡತಿ ಮಾದೇವಿ. ಅವಳಿಗೆ ಹೆಣ್ಣು ಕೂಸು ಹುಟ್ಟಿ ಎಂಟು ದಿನ ಆಗಿತ್ತು, ಎಂಟು ದಿನವೂ ದುಗ್ಗಜ್ಜಿ ಬಂದು ನೀರು ಹಾಕಿ ಹೋಗಿದ್ದಳು. ಒಂಬತ್ತನೇ ದಿನ ಅಮಾವಾಸ್ಯೆ. ಅಜ್ಜಿ ಬರುವ ಹೊತ್ತಿಗೆ ಹಮ್ಮಣ್ಣ ಬಾಗಿಲಲ್ಲೇ ನಿಂತಿದ್ದ.

“ಅಜ್ಜಿ, ನಿನ್ನೆ ಮಧ್ಯಾಹ್ನದಿಂದ ಕೂಸು ಹಾಲು ಕುಡೀತಿಲ್ಲ. ಅವಳು ಎತ್ತಿಕೊಂಡರೆ ಕಿರುಚ್ತದೆ.”

“ನಿನ್ನೆ ಮಧ್ಯಾಹ್ನ ಏನಾಯ್ತು ಮಗಾ?”

“ಏನಿಲ್ಲ. ಒಣಗಿಸಿದ ಬಟ್ಟೆ ಹಾರಿತು ಅಂತ ಒಬ್ಬಳೇ ದಡಕ್ಕೆ ಹೋಗಿ ಬಂದಳು.”

ಹಸಿ ಬಾಣಂತಿ, ಮಟಮಟ ಮಧ್ಯಾಹ್ನ, ಒಬ್ಬಳೇ ದಡಕ್ಕೆ! ಅಜ್ಜಿಗೆ ಸಿಟ್ಟು ಬಂತು. ನೇರ ಬಚ್ಚಲುಮನೆಗೆ ಹೋದಳು. ಹಮ್ಮಣ್ಣ ಹೊರಗೆ ಕೂತು ಹಂಡೆಯ ಒಲೆ ಊದತೊಡಗಿದ. ಒಳಗೆ ಹಲಗೆಯ ಮೇಲೆ ಮಾದೇವಿ ಮಲಗಿದ್ದಳು. ಅವಳ ಬಲಕ್ಕೆ, ಮೊರದಲ್ಲಿ, ಕೂಸು.

ದುಗ್ಗಜ್ಜಿ ರೂಢಿಯಂತೆ ಮೊದಲು ಮಣಿಕಟ್ಟು ಹಿಡಿದಳು. ನಾಡಿ ಸಿಗಲಿಲ್ಲ. ಬೆರಳು ಸ್ವಲ್ಪ ಸರಿಸಿದಳು, ಸಿಗಲಿಲ್ಲ. ತನಗೇ ವಯಸ್ಸಾಯಿತು ಅಂದುಕೊಂಡು ಬಲಗಡೆ ನೀವಲಿಕ್ಕೆ ಶುರು ಮಾಡಿದಳು. ಹೆಗಲು ಒತ್ತಿದಳು, ತೋಳು ಒತ್ತಿದಳು, ಸೊಂಟ ಒತ್ತಿದಳು, ಹಿಮ್ಮಡಿವರೆಗೂ ಬಂದಳು. ಎಷ್ಟು ಉಜ್ಜಿದರೂ ಮೈ ಬಿಸಿಯಾಗಲಿಲ್ಲ. ಆಮೇಲೆ ಎಡ ಹೆಗಲಿಗೆ ಕೈ ಒಯ್ದಳು ನೋಡಿ, ಅಲ್ಲಿ ಅವಳ ಜೀವ ಬಾಯಿಗೆ ಬಂತಂತೆ.

ಮಾದೇವಿ ಐದು ವರ್ಷದವಳಿದ್ದಾಗ ಗೇರುಮರದಿಂದ ಬಿದ್ದು ಎಡ ಹೆಗಲ ಮೂಳೆ ಮುರಿದಿತ್ತು. ಕೂಡಿಸಿದವಳು ದುಗ್ಗಜ್ಜಿಯೇ. ಕೂಡಿದ ಜಾಗದಲ್ಲಿ ಹುಣಸೆಬೀಜದಷ್ಟು ಗಂಟು ಉಳಿದಿತ್ತು. ಕಣ್ಣಿಗೆ ಕಾಣದು, ಕೈಗೆ ಮಾತ್ರ ಸಿಗ್ತದೆ. ಈಗ ಅಲ್ಲಿ ಗಂಟಿಲ್ಲ. ಮೂಳೆ ನುಣ್ಣಗಿದೆ.

ಮುಖ ಮಾದೇವಿಯದು, ದನಿ ಮಾದೇವಿಯದು. ಗಂಡನೇ ಮೋಸ ಹೋಗಿದ್ದಾನೆ. ಮೈ ಮಾತ್ರ ಅವಳದಲ್ಲ.

“ಯಾಕಜ್ಜಿ, ಕೈ ನಿಂತಿತು?” ಅಂತು ಅದು.

ಓಡೋಣ ಅಂದರೆ ಕೂಸು ಅಲ್ಲೇ ಇದೆ. ಕೂಗೋಣ ಅಂದರೆ ಅದು ಕೂಸಿಗೇ ಏನಾದರೂ ಮಾಡೀತು. ಆದರೆ ಅರ್ಧ ನೀವಿ ಆಗಿದೆ, ಇನ್ನರ್ಧ ಬಾಕಿ ಇದೆ. ಇದು ನೆನಪಾದದ್ದೇ ತಡ, ಎರಡೂ ಕೈ ಹಿಂದೆ ತಗೊಂಡಳು.

“ಮಾದೇವಿ ಎಲ್ಲಿ?” ಅಂದಳು.

ಅದು ಏಳಲಿಕ್ಕೆ ನೋಡಿತು, ಆಗಲಿಲ್ಲ. ಬಲಗೈ ಎತ್ತಲಿಕ್ಕೆ ನೋಡಿತು, ಆಗಲಿಲ್ಲ. ಎಡಗೈ ಕೂಸಿನ ಕಡೆ ಚಾಚಿತು, ಎಟುಕಲಿಲ್ಲ. ಅದೇ ಕೈ ತಿರುಗಿ ಅಜ್ಜಿಯ ಹೆಬ್ಬೆರಳು ಹಿಡಿಯಿತು. ಬಾವಿಯ ಕಲ್ಲಿನಷ್ಟು ತಣ್ಣಗಿತ್ತಂತೆ.

“ಮುದುಕಿ, ನಿನ್ನ ಕುತ್ತಿಗೆ ಮುರೀತೇನೆ.”

“ಮುರಿ. ಆಮೇಲೆ ಇನ್ನರ್ಧ ಯಾರ ಕೈಲಿ ನೀವಿಸಿಕೊಳ್ತೀ? ಯುಗ ಕಳೆದರೂ ಹೀಗೇ ಬಿದ್ದಿರು.”

ಅಜ್ಜಿಯ ದನಿ ನಡುಗಲಿಲ್ಲ. ಅವಳು ಅಂಥಾ ಗಟ್ಟಿಗಿತ್ತಿ.

“ಹೇಳಿದರೆ ಇನ್ನರ್ಧ ನೀವ್ತೀಯಾ?” ಅಂತು ಅದು.

“ನೀವ್ತೇನೆ. ಈ ಕೈಯ ಮೇಲಾಣೆ.”

“ದಡದಲ್ಲಿ ಬೋರಲು ಬಿದ್ದ ಹಳೇ ದೋಣಿ ಇದೆಯಲ್ಲ, ಅದರಡಿಗೆ ಅವಳನ್ನ ಕಟ್ಟಿಹಾಕಿದ್ದೇನೆ. ಬಾಕಿ ದಿನ ನೀರು ಅಲ್ಲಿವರೆಗೆ ಬರೋದಿಲ್ಲ. ಇವತ್ತು ಅಮಾವಾಸ್ಯೆ ಉಬ್ಬರ. ನೀರು ಅವಳನ್ನ ಮುಚ್ಚಿದ ಮೇಲೆ ಈ ರೂಪ ನನ್ನದು, ಕೂಸೂ ನನ್ನದು.”

“ಹಮ್ಮಣ್ಣಾ,” ಅಂತ ಅಜ್ಜಿ ಕೂಗಿದಳು, “ಹಳೇ ದೋಣಿಗೆ ಓಡು. ಯಾಕೆ ಅಂತ ಕೇಳಬೇಡ.”

ಅವನು ಓಡಿದ. ಅಜ್ಜಿ ಕೂತಳು. ಬೆರಳು ಅದರ ಮುಷ್ಟಿಯಲ್ಲೇ ಇತ್ತು. ಒಳಗೆ ಹಂಡೆ ಕುದಿಯುವ ಸದ್ದು, ಆಚೆ ಸಮುದ್ರ ಏರುವ ಸದ್ದು. ಒಂದು ಸಲ ಕೂಸು ಮುಲುಕಿತು, ಹಲಗೆಯ ಮೇಲಿದ್ದದ್ದು ಅತ್ತ ಕತ್ತು ಹೊರಳಿಸಿತು. ಅಜ್ಜಿ ಮನಸ್ಸಲ್ಲೇ ನೂರೆಣಿಸಿದಳು, ಇನ್ನೂರೆಣಿಸಿದಳು, ಮುನ್ನೂರೆಣಿಸಿದಳು. ಆಗ ಅಂಗಳದಲ್ಲಿ ಕೆಮ್ಮಿದ ದನಿ ಕೇಳಿತು. ಅದು ಮಾದೇವಿಯದು. ನೀರು ಎದೆಗೆ ಬಂದಿತ್ತಂತೆ, ಇನ್ನೊಂದು ಗಳಿಗೆ ತಡವಾಗಿದ್ದರೆ ಹೆಣ ಸಿಗುತ್ತಿತ್ತು.

ಹಮ್ಮಣ್ಣ ಒಲೆಯಿಂದ ಉರಿಯುವ ಕೊಳ್ಳಿ ಎಳೆದುಕೊಂಡು ನುಗ್ಗಿದ.

“ಆಚೆ ಸರಿ ಅಜ್ಜಿ. ಏಳಲಾಗದೆ ಬಿದ್ದಿದೆ, ಸುಟ್ಟುಬಿಡ್ತೇನೆ.”

“ಮಾತು ಕೊಟ್ಟಿದ್ದೇನೆ,” ಅಂದಳು ಅಜ್ಜಿ.

“ದೆವ್ವಕ್ಕೆಂಥಾ ಮಾತು? ಎದ್ದರೆ ನಿನ್ನನ್ನೇ ತಿನ್ತದೆ.”

“ತಿಂದರೆ ತಿನ್ನಲಿ. ಮೈ ಅರ್ಧಕ್ಕೆ ಬಿಟ್ಟು ಎದ್ದವಳಲ್ಲ ನಾನು. ಕೂಸು ತಗೊಂಡು ಹೋಗು. ಹೊರಗಿನಿಂದ ಚಿಲಕ ಹಾಕು.”

ಚಿಲಕ ಬಿತ್ತು. ಹೆದರಿಕೆಯಾಗಲಿಲ್ಲವೇ ಅಂತ ಕೇಳ್ತೀರಿ. ಯಾಕಾಗೋದಿಲ್ಲ, ಅವಳದೂ ಮನುಷ್ಯ ಜೀವವೇ ತಾನೇ? ಎಣ್ಣೆ ಬಟ್ಟಲು ಎರಡು ಸಲ ಕೈತಪ್ಪಿತಂತೆ. ಅದು ಅವಳ ಹೆಬ್ಬೆರಳು ಬಿಟ್ಟಿತು. ಅವಳು ಎಡ ಹೆಗಲಿಂದ ಶುರು ಮಾಡಿದಳು. ಒಂದೊಂದು ಬಾಗಿಲು ತೆಗೆದ ಹಾಗೂ ಕಟ್ಟಿದ್ದ ಬಲಗೈಯ ಒಂದೊಂದು ಬೆರಳು ಆಡತೊಡಗಿತು. ಆ ತೋಳಿಗೆ ಜೀವ ಬಂತು, ಹೆಗಲಿಗೆ ಬಂತು. ಅಜ್ಜಿ ನಿಲ್ಲಿಸಲಿಲ್ಲ. ಸೊಂಟಕ್ಕೆ ಬಂದಾಗ ಅವಳ ಕೈಗೆ ಒಂದು ಬಿಗಿತ ಸಿಕ್ಕಿತು. ಅದನ್ನ ಅವಳು ಬಲ್ಲಳು. ನೂರು ಬಾಣಂತಿಯರ ಸೊಂಟದಲ್ಲಿ ಬಿಡಿಸಿದ್ದಾಳೆ.

“ಹೆರಿಗೆಯಲ್ಲಿ ಹೋದೆಯಾ ಮಗಳೇ?”

ಉತ್ತರ ಬಂತು. ಈಗ ಅದು ಮಾದೇವಿಯ ದನಿಯಲ್ಲ, ಯಾರೋ ಚಿಕ್ಕ ಹುಡುಗಿಯದು.

“ಮೂರು ದಿನ ನೋವು ತಿಂದೆ. ಕೂಸೂ ನನ್ನ ಜೊತೆಗೇ ಹೋಯಿತು. ಸೂತಕ ಅಂತ ಯಾರೂ ಮುಟ್ಟಲಿಲ್ಲ. ಬಿದಿರಿನ ಕೋಲಲ್ಲಿ ತಳ್ಳಿ ಗುಂಡಿಗೆ ಹಾಕಿದರು.”

ದುಗ್ಗಜ್ಜಿಗೆ ಅಳು ತಡೆಯಲಿಲ್ಲ. ಅಳುತ್ತಲೇ ಸೊಂಟದ ಬಿಗಿತ ಬಿಡಿಸಿದಳು, ಹಿಮ್ಮಡಿವರೆಗೆ ನೀವಿದಳು. ಆಮೇಲೆ ಹಂಡೆಯಿಂದ ಬಿಸಿನೀರು ತೋಡಿ, ತಲೆಯಿಂದ ಕಾಲಿನವರೆಗೆ, ಬಾಣಂತಿಗೆ ಹಾಕುವಷ್ಟೇ ಚೆಂಬು ಹಾಕಿದಳು. ಕೊನೆಯ ಚೆಂಬು ಹಾಕುವಾಗ ಕೈ ಕೆಳಗೆ ಮೈ ಬೆಚ್ಚಗಾಯಿತು. “ಸಾಕಮ್ಮ,” ಅಂದಿತಂತೆ ಅದು. ಅಷ್ಟೇ.

ಬಾಗಿಲು ತೆಗೆದಾಗ ಬಚ್ಚಲ ತುಂಬ ಹಬೆ. ಹಲಗೆ ಖಾಲಿ. ಅಜ್ಜಿ ಒಬ್ಬಳೇ ಕೂತಿದ್ದಳು.

ಅವಳ ಆ ಹೆಬ್ಬೆರಳು ಮಾತ್ರ ಸಾಯುವವರೆಗೂ ತಣ್ಣಗೇ ಇತ್ತಂತೆ. ಯಾರ ಮೈ ಮುಟ್ಟುವುದಕ್ಕೂ ಮೊದಲು ಅದನ್ನ ಒಲೆಗೆ ಹಿಡಿದು ಕಾಯಿಸಿಕೊಳ್ಳುತ್ತಿದ್ದಳು. ಆ ಊರಲ್ಲಿ ಈಗಲೂ ಬಾಣಂತಿ ಹಲಗೆ ಮೇಲೆ ಮಲಗುವ ಮೊದಲು ಒಂದು ಬೊಗಸೆ ಎಣ್ಣೆ, ಒಂದು ಚೆಂಬು ಬಿಸಿನೀರು ಖಾಲಿ ಹಲಗೆಗೆ ಹಾಕ್ತಾರೆ. ಯಾರಿಗೆ ಅಂತ ಯಾರೂ ಕೇಳೋದಿಲ್ಲ.

ಅವರ ಒಲೆ ಅಲ್ಲಿ ಆರಿತು, ನಮ್ಮ ಒಲೆ ಇಲ್ಲಿ ಉರೀತಿದೆ. ಕಥೆ ಕೇಳಿದವರ ಕೈಕಾಲು ಬೆಚ್ಚಗಿರಲಿ.